ನನ್ನನ್ನು ಹಿಂಬಾಲಿಸುವ ಕ್ಯಾಮೆರಾ ಕೊಂಡೆ, ಕ್ಲಾಸು ಉಳಿಸಿದ್ದು ಕಾಲರ್ ಮೈಕು

ಇಪ್ಪತ್ತು ಮಕ್ಕಳು ಎದುರಿಗೆ ಬೆಂಚಿನಲ್ಲಿ, ಹನ್ನೆರಡು ಮಕ್ಕಳು ಲ್ಯಾಪ್‌ಟಾಪ್ ಪರದೆಯೊಳಗೆ. ಒಂದೇ ಹೊತ್ತಿಗೆ ಎರಡೂ ಕಡೆಗೆ ಗಣಿತ ಪಾಠ. ಹೀಗೆ ಮೂರು ಟರ್ಮ್ ಕಳೆದಿದ್ದೇನೆ. ಈ ಅವಧಿಯಲ್ಲಿ ಮೂರು ಸಾಮಾನು ಕೊಂಡು, ಮೂರನ್ನೂ ದಿನದ ಪಾಠಕ್ಕೆ ಇಟ್ಟು ನೋಡಿದೆ. ಮೊದಲನೆಯದು ನಾನು ಹೋದಲ್ಲೆಲ್ಲ ತಿರುಗುವ ಕ್ಯಾಮೆರಾ. ಎರಡನೆಯದು ಟೇಬಲ್ ಮೇಲೆ ಇಡುವ ದುಂಡನೆಯ ಸ್ಪೀಕರ್‌ಫೋನ್. ಮೂರನೆಯದು ಎರಡು ತುಂಡಿನ ವೈರ್‌ಲೆಸ್ ಕಾಲರ್ ಮೈಕು. ನನ್ನ ಓಟು ಕಾಲರ್ ಮೈಕಿಗೆ. ಕ್ಯಾಮೆರಾಕ್ಕೆ ಕೊಟ್ಟ ದುಡ್ಡಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆಗೆ ಅದು ಬಂತು. ಮೊದಲೇ ಅದನ್ನು ಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಕ್ಯಾಮೆರಾ ಯಾಕೆ ಕೊಂಡೆ ಅಂದರೆ, ನಾನು ನಿಂತಲ್ಲಿ ನಿಲ್ಲುವವಳಲ್ಲ. ಓಡಾಡುತ್ತಾ ಪಾಠ ಮಾಡುವುದು ಹಳೆಯ ಚಾಳಿ. ಮನೆಯಲ್ಲಿ ಕೂತವರಿಗೆ ಖಾಲಿ ಗೋಡೆ ಕಾಣುತ್ತಿದೆಯಲ್ಲಾ ಅನ್ನುವ ಸಂಕಟ ಬೇರೆ. ಡೆಮೊ ವೀಡಿಯೊದಲ್ಲಿ ಕ್ಯಾಮೆರಾ ಟೀಚರ್ ಜೊತೆ ನಯವಾಗಿ ತಿರುಗುವುದನ್ನು ನೋಡಿ ಮರುಳಾದೆ. ಮೊದಲ ದಿನ ನಿಜವಾಗಿಯೂ ಚೆನ್ನಾಗಿಯೇ ತಿರುಗಿತು. ಹತ್ತು ನಿಮಿಷಕ್ಕೆ ಚಾಟ್‌ನಲ್ಲಿ ಒಂದು ಸಾಲು ಬಂತು: "ಮೇಡಂ, ನೀವು ಚೆನ್ನಾಗಿ ಕಾಣ್ತಿದ್ದೀರಿ, ಬೋರ್ಡು ಕಾಣ್ತಿಲ್ಲ."

ಯೋಚಿಸಿ ನೋಡಿ. ಬರೆದಾದ ಮೇಲೆ ಟೀಚರ್ ಬೋರ್ಡಿನಿಂದ ಪಕ್ಕಕ್ಕೆ ಸರಿಯುವುದೇ ಯಾಕೆ? ಬರೆದದ್ದು ಎಲ್ಲರಿಗೂ ಕಾಣಲಿ ಅಂತ. ನಾನು ಸರಿದ ತಕ್ಷಣ ಕ್ಯಾಮೆರಾವೂ ನನ್ನ ಜೊತೆ ಸರಿಯುತ್ತಿತ್ತು. ಬೆಂಚಿನವರಿಗೆ ಬೋರ್ಡು ತೆರೆದುಕೊಳ್ಳುವ ಕ್ಷಣದಲ್ಲೇ ಮನೆಯವರಿಗೆ ಅದು ಮುಚ್ಚಿಹೋಗುತ್ತಿತ್ತು. ಒಂದು ದಿನ ಒಬ್ಬ ಹುಡುಗನನ್ನು ಬೋರ್ಡಿಗೆ ಕರೆದೆ. ಅವನು ಲೆಕ್ಕ ಬಿಡಿಸಿ ವಾಪಸ್ ಹೊರಟ. ಕ್ಯಾಮೆರಾ ಅವನ ಹಿಂದೆಯೇ ಹೋಗಿ ಮೂರನೇ ಬೆಂಚಿನಲ್ಲಿ ಕೂತುಬಿಟ್ಟಿತು. ಆನ್‌ಲೈನ್ ಮಕ್ಕಳು ನಕ್ಕಿದ್ದೇ ನಕ್ಕಿದ್ದು. ಎರಡು ವಾರದ ಮೇಲೆ ಹಿಂಬಾಲಿಸುವುದನ್ನು ಆಫ್ ಮಾಡಿ ಬೋರ್ಡಿಗೆ ನೆಟ್ಟಗೆ ನಿಲ್ಲಿಸಿದೆ. ಅಲ್ಲಿಗೆ ಅದು ಸಾದಾ ಕ್ಯಾಮೆರಾ ಆಯಿತು. ಬೋರ್ಡಿನ ಮೇಲೆ ದೀಪದ ಹೊಳಪು ಬಿದ್ದು ಅರ್ಧ ಸಮೀಕರಣ ಮಾಯವಾಗುವ ತೊಂದರೆ ಹಾಗೇ ಉಳಿಯಿತು.

ಅದಕ್ಕೆ ಮದ್ದು ಸಿಕ್ಕಿದ್ದು ಹಳೆಯ ಫೋನಿನಲ್ಲಿ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೆಳಗೆ ಬಿಳಿ ಹಾಳೆ ಇಟ್ಟು, ದಪ್ಪ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತೇನೆ. ಒಂದು ಹಾಳೆಗೆ ಐದಾರು ಸಾಲು, ಅಷ್ಟೇ. ಅದೇ ಚಿತ್ರ ಪ್ರೊಜೆಕ್ಟರ್‌ನಲ್ಲೂ ಬರುತ್ತದೆ, ಮನೆಯ ಪರದೆಯಲ್ಲೂ ಬರುತ್ತದೆ. ಎರಡೂ ಕಡೆಯವರು ನೋಡುವುದು ಒಂದೇ ಹಾಳೆ. ನಿಮ್ಮ ಪರದೆಯಲ್ಲಿ ಅಕ್ಷರ ಉಲ್ಟಾ ಕಂಡರೆ ಗಾಬರಿ ಬೇಡ. ಎಷ್ಟೋ ಆ್ಯಪ್‌ಗಳು ನಿಮ್ಮ ಚಿತ್ರವನ್ನು ನಿಮಗೆ ಮಾತ್ರ ಕನ್ನಡಿಯ ಹಾಗೆ ತೋರಿಸುತ್ತವೆ, ಬೇರೆಯವರಿಗೆ ಸರಿಯಾಗಿಯೇ ಕಾಣುತ್ತದೆ. ಇದು ಗೊತ್ತಿಲ್ಲದೆ ನಾನು ಒಂದು ಸಂಜೆಯಿಡೀ ಹಾಳುಮಾಡಿಕೊಂಡಿದ್ದೆ.

ಇನ್ನು ಸ್ಪೀಕರ್‌ಫೋನ್. ಇದರ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ವೈರು. ಮೈಕು, ಸ್ಪೀಕರ್ ಎರಡೂ ಒಂದೇ ಡಬ್ಬಿಯಲ್ಲಿ. ತಾನು ಹೊರಡಿಸಿದ ಸದ್ದನ್ನು ತಾನೇ ಗುರುತಿಸಿ ಕಳೆಯುವ ವ್ಯವಸ್ಥೆಯೂ ಒಳಗೇ ಇರುತ್ತದೆ. ಎಂಟು ಹತ್ತು ಜನ ಒಂದು ಟೇಬಲ್ ಸುತ್ತ ಕೂತು ಚರ್ಚೆ ಮಾಡುವುದಾದರೆ ಇದನ್ನೇ ತಗೊಳ್ಳಿ, ಮುಂದೆ ಓದುವುದೂ ಬೇಡ. ನನ್ನದು ಉದ್ದನೆಯ ಕೋಣೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳು ಸದ್ದನ್ನು ವಾಪಸ್ ಎಸೆಯುವುದರಿಂದ ಅಷ್ಟು ಇಳಿಯದೇ ಇರಬಹುದು. ಆದರೆ ಆ ವಾಪಸ್ ಬಂದ ಸದ್ದೇ ಮಾತನ್ನು ಕಲಸುಮೇಲೋಗರ ಮಾಡುತ್ತದೆ. ನಾನು ಬೋರ್ಡಿನ ಕಡೆ ತಿರುಗಿದರೆ ಮುಗಿಯಿತು, ಬಾವಿಯೊಳಗಿನಿಂದ ಮಾತಾಡಿದ ಹಾಗೆ. ಅದೇ ಮೇಜಿನ ಮೇಲೆ ಯಾರೋ ಪೆನ್ನು ಕುಟ್ಟಿದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು!

ಇನ್ನೊಂದು ಕಿರಿಕಿರಿ ಗದ್ದಲ ತೆಗೆಯುವ ಫಿಲ್ಟರ್‌ನದು. ದೂರದ ಬೆಂಚಿನ ಹುಡುಗಿಯ ಮೆಲ್ಲಗಿನ ದನಿಯನ್ನು ಅದು ಫ್ಯಾನಿನ ಸದ್ದಿನ ಜೊತೆಗೇ ಗುಡಿಸಿಹಾಕುತ್ತಿತ್ತು. ಅವಳು ಕೇಳಿದ ಪ್ರಶ್ನೆ ಮನೆಯವರಿಗೆ ಹೋಗುತ್ತಲೇ ಇರಲಿಲ್ಲ. ನಾನು ಉತ್ತರ ಹೇಳುತ್ತಿದ್ದೆ. ಯಾವ ಪ್ರಶ್ನೆಗೆ ಅಂತ ಅವರಿಗೆ ಗೊತ್ತಿಲ್ಲ. ಪ್ರತಿ ಪ್ರಶ್ನೆಯನ್ನೂ ನಾನೇ ಮತ್ತೆ ಹೇಳಬೇಕು ಅಂತ ನಿಯಮ ಮಾಡಿಕೊಂಡೆ. ಪಾಠದ ರಭಸದಲ್ಲಿ ಅರ್ಧ ಸಲ ಮರೆತೆ.

ಕಾಲರ್ ಮೈಕಿನಲ್ಲಿ ಎರಡು ಪುಟ್ಟ ಮೈಕು, ಒಂದು ರಿಸೀವರ್. ರಿಸೀವರ್ ಲ್ಯಾಪ್‌ಟಾಪ್‌ಗೆ ಸಿಕ್ಕಿಸಬೇಕು. ಒಂದು ಮೈಕು ನನ್ನ ಕಾಲರ್‌ಗೆ, ಬಾಯಿಂದ ಒಂದು ಗೇಣು ದೂರದಲ್ಲಿ. ನಾನು ಬೋರ್ಡಿಗೆ ಮುಖ ಮಾಡಲಿ, ಕಿಟಕಿಯ ಹತ್ತಿರ ಹೋಗಲಿ, ಆ ಗೇಣು ಗೇಣೇ. ಇನ್ನೊಂದು ಮೈಕು ಬೆಂಚಿನಿಂದ ಬೆಂಚಿಗೆ ಓಡಾಡುತ್ತದೆ. ಮಾತಾಡುವವರ ಕೈಯಲ್ಲಿ ಮೈಕು ಇರಬೇಕು, ಇಲ್ಲದಿದ್ದರೆ ಮಾತು ಲೆಕ್ಕಕ್ಕಿಲ್ಲ.

ಇದರಿಂದ ನಾನು ಎಣಿಸದ ಒಂದು ಲಾಭವಾಯಿತು. ಮೈಕು ಒಬ್ಬರಿಂದ ಒಬ್ಬರಿಗೆ ದಾಟಲು ನಾಲ್ಕೈದು ಸೆಕೆಂಡ್ ಬೇಕು. ಅಷ್ಟು ಹೊತ್ತು ನಾನು ಸುಮ್ನೆ ಇರಲೇಬೇಕು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡ್ ಮಾತ್ರ, ಅದನ್ನು 3 ಸೆಕೆಂಡ್ ದಾಟಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಬಿ.ಎಡ್. ಓದುವಾಗ ಇದನ್ನು ಬಾಯಿಪಾಠ ಮಾಡಿದ್ದೆ, ಪಾಲಿಸಿರಲಿಲ್ಲ. ಮೈಕು ಪಾಲಿಸುವಂತೆ ಮಾಡಿತು. ಆನ್‌ಲೈನ್ ಮಕ್ಕಳಿಗಂತೂ ಆ ಕೆಲವು ಸೆಕೆಂಡ್ ಬಹಳ ಮುಖ್ಯ. ಫೋನ್ ಮಾತುಕತೆಯಲ್ಲಿ ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ಒಳಗೆ ತಲುಪಿದರೆ ಸಾಕು, ತಡ ಅನ್ನಿಸುವುದೇ ಇಲ್ಲ ಅನ್ನುತ್ತಾರೆ. ನೆಟ್ ನೆಟ್ಟಗಿದ್ದ ದಿನ ನಮ್ಮ ಕ್ಲಾಸಿನಲ್ಲಿ ತಡವಾಗುತ್ತಿದ್ದುದು ಅದರಿಂದಲ್ಲ, ಮಕ್ಕಳು ಅನ್‌ಮ್ಯೂಟ್ ಬಟನ್ ಹುಡುಕುವುದರಲ್ಲಿ. ಅವರು ಹುಡುಕಿ ಒತ್ತುವಷ್ಟರಲ್ಲಿ ಮುಂದಿನ ಬೆಂಚಿನ ಜಾಣ ಉತ್ತರ ಹೇಳಿ ಮುಗಿಸಿರುತ್ತಿದ್ದ. ಈಗ ಮೊದಲ ಅವಕಾಶ ಪರದೆಯವರಿಗೆ, ಆಮೇಲೆ ಬೆಂಚಿಗೆ.

ಹಾಗಂತ ಕಾಲರ್ ಮೈಕು ಮೊದಲ ದಿನದಿಂದಲೇ ಮುದ್ದು ಬಂತು ಅಂದುಕೊಳ್ಳಬೇಡಿ. ಎರಡು ವಾರ ಅದು ನನ್ನ ಜೀವ ತಿಂದಿತು.

ಮೂರನೇ ದಿನ ಶುರುವಾಯಿತು. "ಮೇಡಂ, ನಿಮ್ಮ ಮಾತು ಎರಡೆರಡು ಸಲ ಕೇಳಿಸ್ತಿದೆ." ಎಕೋ. ನನಗೆ ಏನೂ ಕೇಳುತ್ತಿಲ್ಲ, ಬೆಂಚಿನ ಮಕ್ಕಳೂ ಏನೂ ಹೇಳುತ್ತಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಹೋಯಿತು. ಮರುದಿನ ಮತ್ತೆ ಬಂತು. ಮೈಕಿನ ದನಿ ತಗ್ಗಿಸಿದೆ. ಎಕೋ ಕಡಿಮೆಯಾಯಿತು, ನನ್ನ ಮಾತೂ ಕ್ಷೀಣವಾಯಿತು. ಯುಎಸ್‌ಬಿ ಪೋರ್ಟ್ ಬದಲಿಸಿದೆ. ಆ್ಯಪ್ ಅಪ್‌ಡೇಟ್ ಮಾಡಿದೆ. ಗದ್ದಲ ತೆಗೆಯುವ ಫಿಲ್ಟರ್ ಮೈಕಿನಲ್ಲೂ ಇತ್ತು, ಆ್ಯಪ್‌ನಲ್ಲೂ ಇತ್ತು. ಎರಡೂ ಸೇರಿ ಏನೋ ಮಾಡುತ್ತಿವೆ ಅಂತ ಒಂದನ್ನು ಆಫ್ ಮಾಡಿದೆ. ದನಿ ಸ್ವಲ್ಪ ಸಹಜವಾಯಿತು, ಎಕೋ ಹಾಗೇ ಇತ್ತು. ಅಗ್ಗದ ಸಾಮಾನು ತಂದರೆ ಇಷ್ಟೇ ಅಂತ ನನ್ನನ್ನೇ ಬೈದುಕೊಂಡು ವಾಪಸ್ ಕೊಡಲು ಡಬ್ಬಿಗೂ ತುಂಬಿದೆ.

ಸುಳಿವು ಕೊಟ್ಟವನು ಮನೆಯಿಂದ ಪಾಠ ಕೇಳುವ ಒಬ್ಬ ಹುಡುಗ. "ಮೇಡಂ, ಮೈಕು ಹಿಂದಿನ ಬೆಂಚಿಗೆ ಹೋದಾಗ ಮಾತ್ರ ಹೀಗಾಗುತ್ತೆ." ಹೋಗಿ ನೋಡಿದೆ. ಹಿಂದಿನ ಬೆಂಚಿನ ಹುಡುಗಿಗೆ ಪ್ರೊಜೆಕ್ಟರ್‌ನ ಗ್ರಾಫ್ ಸಣ್ಣದಾಗಿ ಕಾಣುತ್ತಿತ್ತಂತೆ. ಅದಕ್ಕೆ ಅವಳು ತನ್ನ ಟ್ಯಾಬ್‌ನಲ್ಲಿ ಅದೇ ಮೀಟಿಂಗ್ ತೆರೆದಿಟ್ಟಿದ್ದಳು. ಪಾಪ, ಒಳ್ಳೆಯ ಹುಡುಗಿ, ತನ್ನ ಮೈಕನ್ನು ಮ್ಯೂಟ್ ಮಾಡಿಯೇ ಇದ್ದಳು. ಸ್ಪೀಕರ್ ಮಾತ್ರ ಆನ್ ಇತ್ತು, ಪಿಸುಮಾತಿನಷ್ಟು ಸಣ್ಣಗೆ. ನಾನು ಆಡಿದ ಮಾತು ಇಂಟರ್ನೆಟ್ ಸುತ್ತಿ, ಅರೆಕ್ಷಣ ತಡವಾಗಿ ಅವಳ ಟ್ಯಾಬ್‌ನಿಂದ ಹೊರಬರುತ್ತಿತ್ತು. ಪಕ್ಕದಲ್ಲೇ ಇದ್ದ ಎರಡನೇ ಮೈಕು ಅದನ್ನು ಹಿಡಿದು ಮತ್ತೆ ಮನೆಗಳಿಗೆ ಕಳಿಸುತ್ತಿತ್ತು.

ಲ್ಯಾಪ್‌ಟಾಪ್‌ನ ಆ್ಯಪ್ ಎಕೋ ಕಳೆಯುತ್ತದೆ ನಿಜ. ಆದರೆ ಅದಕ್ಕೆ ಗೊತ್ತಿರುವುದು ತನ್ನ ಸ್ಪೀಕರ್‌ನಿಂದ ಹೊರಟ ಸದ್ದು ಮಾತ್ರ. ಬೇರೆ ಯಂತ್ರದಿಂದ ಬಂದ ಸದ್ದು ಅದರ ಪಾಲಿಗೆ ಕೋಣೆಯಲ್ಲಿ ಇನ್ನೊಬ್ಬರು ಮಾತಾಡಿದ ಹಾಗೆ. ಹೇಗೆ ಕಳೆದೀತು? ಇಷ್ಟು ತಿಳಿದುಕೊಳ್ಳಲು ನನಗೆ ಎರಡು ವಾರ ಹಿಡಿಯಿತು. ಆದ್ದರಿಂದ ನಮ್ಮ ಕೋಣೆಯಲ್ಲಿ ಈಗ ಒಂದೇ ಯಂತ್ರಕ್ಕೆ ಬಾಯಿ, ಕಿವಿ ಎರಡೂ. ಉಳಿದವು ಬರೀ ಕಣ್ಣು. ಕೋಣೆಯೊಳಗಿಂದ ಯಾರು ಮೀಟಿಂಗ್ ಸೇರಿದರೂ ಮ್ಯೂಟ್ ಮಾಡಿದರೆ ಸಾಲದು, ಆಡಿಯೋಗೆ ಸೇರಲೇಬಾರದು. ಗೂಗಲ್ ಮೀಟ್‌ನಲ್ಲಿ ಇದಕ್ಕೆಂದೇ ‘ಕಂಪ್ಯಾನಿಯನ್ ಮೋಡ್’ ಇದೆ. ಝೂಮ್‌ನಲ್ಲಿ ಆಡಿಯೋ ಕೇಳಿದಾಗ ಒಪ್ಪದೆ ಬಿಟ್ಟರೆ ಆಯಿತು.

ಇನ್ನೊಂದು ಗುಟ್ಟು: ಎಕೋ ಯಾರಿಗೆ ಕೇಳಿಸುತ್ತಿಲ್ಲವೋ ಸಾಮಾನ್ಯವಾಗಿ ಅವರ ಕೋಣೆಯಲ್ಲೇ ಅದು ಹುಟ್ಟಿರುತ್ತದೆ. ನನಗೆ ಕೇಳಿಸುತ್ತಿಲ್ಲ ಅಂತ ನಾನು ಮನೆಯ ಮಕ್ಕಳ ನೆಟ್‌ಗೆ ತಪ್ಪು ಹೊರಿಸಿದ್ದೆ. ಕ್ಷಮೆ ಕೇಳಬೇಕಾಯಿತು. ಅದಾದ ಮೇಲೆ ಬ್ಲೂಟೂತ್ ಸ್ಪೀಕರ್ ತಂದು ಕೋಣೆಯಲ್ಲಿ ಇಟ್ಟಾಗ ಎಕೋ ಇನ್ನೊಂದು ಸಲ ತಲೆ ಎತ್ತಿತು. ಈ ಸಲ ಒಂದೇ ದಿನದಲ್ಲಿ ಹಿಡಿದೆ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಹೊರಡುತ್ತದೆ, ಆ ತಡದಲ್ಲಿ ಆ್ಯಪ್‌ನ ಲೆಕ್ಕ ತಪ್ಪುತ್ತದೆ. ವೈರ್ ಇರುವ ಸ್ಪೀಕರ್ ಹಾಕಿದೆ, ಸರಿಹೋಯಿತು.

ಉಳಿದ ಸಣ್ಣಪುಟ್ಟವು. ಕಾಲರ್ ಮೈಕಿಗೆ ಚಾರ್ಜ್ ಮಾಡುವುದು ಮರೆತರೆ ಮಧ್ಯಾಹ್ನಕ್ಕೆ ಕೈಕೊಡುತ್ತದೆ. ಇಂಥ ಮೈಕುಗಳು ಹೆಚ್ಚಾಗಿ ನಡೆಯುವುದು 2.4 ಗಿಗಾಹರ್ಟ್ಸ್‌ನಲ್ಲಿ, ವೈಫೈಯೂ ಅದೇ ದಾರಿಯಲ್ಲಿ ಓಡಾಡುವುದರಿಂದ ರಿಸೀವರ್ ಕಣ್ಣಿಗೆ ಕಾಣುವ ಹಾಗೆ ಇದ್ದರೆ ಒಳ್ಳೆಯದು. ಸ್ಪೀಕರ್‌ಫೋನ್‌ಗೆ ಇವೆರಡೂ ತಾಪತ್ರಯ ಇಲ್ಲ. ಮತ್ತೆ, ಕೋಣೆಯಿಂದ ಹೊರಗೆ ಹೋಗುವಾಗ ಮೈಕು ಕಳಚಿಡಿ. ನಾನು ಒಂದು ಸಲ ವರಾಂಡದಲ್ಲಿ ನಿಂತು, ಉತ್ತರ ಪತ್ರಿಕೆಗಳು ಎಷ್ಟು ಕೆಟ್ಟದಾಗಿವೆ ಅಂತ ಇನ್ನೊಬ್ಬ ಟೀಚರ್ ಹತ್ತಿರ ಹೇಳಿಕೊಂಡೆ. ಹನ್ನೆರಡು ಮನೆಗಳಿಗೆ ಸ್ಪಷ್ಟವಾಗಿ ಕೇಳಿಸಿತು.

ಇಷ್ಟೆಲ್ಲ ಯಾಕೆ, ರೆಕಾರ್ಡ್ ಮಾಡಿ ಕಳಿಸಬಾರದಾ ಅಂತ ಕೇಳಬಹುದು. ಅದನ್ನೂ ಒಂದು ತಿಂಗಳು ಮಾಡಿದೆ. ಐವತ್ತು ನಿಮಿಷದ ಪಾಠವನ್ನು ಕೊನೆಯವರೆಗೆ ನೋಡಿದವರು ಇಬ್ಬರು. ಮಕ್ಕಳನ್ನು ಬೈದು ಉಪಯೋಗವಿಲ್ಲ. ಎಡೆಕ್ಸ್ ಅನ್ನುವ ಆನ್‌ಲೈನ್ ಕಲಿಕೆಯ ತಾಣದ ಕೋರ್ಸುಗಳ 69 ಲಕ್ಷ ವೀಡಿಯೊ ವೀಕ್ಷಣೆಗಳನ್ನು ತಡಕಾಡಿದ 2014ರ ಅಧ್ಯಯನದಲ್ಲಿ, ವೀಡಿಯೊ ಎಷ್ಟೇ ಉದ್ದವಿದ್ದರೂ ಜನ ನೋಡುವ ಮಧ್ಯಮ ಅವಧಿ 6 ನಿಮಿಷ ದಾಟಿರಲಿಲ್ಲ. ಈಗ ಬಿಡಿಸಿ ತೋರಿಸಿದ ಒಂದೊಂದು ಲೆಕ್ಕವನ್ನು ಮಾತ್ರ ಐದು ನಿಮಿಷಕ್ಕೆ ಕತ್ತರಿಸಿ ಕಳಿಸುತ್ತೇನೆ. ಅದನ್ನು ನೋಡುತ್ತಾರೆ.

ಕ್ಲಾಸಿಗೆ ಬರುವುದೋ ಆನ್‌ಲೈನ್‌ನಲ್ಲಿ ಸೇರುವುದೋ ಅನ್ನುವುದನ್ನು ಕಲಿಯುವವರಿಗೇ ಬಿಡುವ ‘ಹೈಫ್ಲೆಕ್ಸ್’ ಪದ್ಧತಿ 2006ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಅದನ್ನು ರೂಪಿಸಿದ ಬ್ರಯನ್ ಬೀಟಿ ಹಾಕಿಕೊಂಡ ತತ್ವಗಳಲ್ಲಿ ಒಂದು ನನಗೆ ತಡವಾಗಿ ಅರ್ಥವಾಯಿತು. ಎರಡೂ ಕಡೆಯವರ ಕಲಿಕೆ ಸಮಾನವಾಗಿರಬೇಕು, ಅನುಭವ ಒಂದೇ ಥರ ಇರಬೇಕಾಗಿಲ್ಲ. ನಾನು ಕ್ಯಾಮೆರಾ ಕೊಂಡಿದ್ದೇ ಮನೆಯವರಿಗೂ ಬೆಂಚಿನವರ ಅನುಭವವೇ ಸಿಗಲಿ ಅಂತ. ಅವರಿಗೆ ಬೇಕಾಗಿದ್ದುದು ನನ್ನ ಓಡಾಟ ಅಲ್ಲ. ಹಾಳೆ ಕಾಣಬೇಕು, ಮಾತು ಕೇಳಬೇಕು, ತಮ್ಮ ಮಾತು ಬೇರೆಯವರಿಗೆ ಕೇಳಿಸಬೇಕು. ನೆಟ್ ಸೊರಗಿದ ದಿನ ವೀಡಿಯೊ ಆಫ್ ಮಾಡಿದರೂ ಪಾಠ ನಡೆಯುತ್ತದೆ, ಯಾಕೆಂದರೆ ದನಿಗೆ ಬೇಕಾಗುವ ಡೇಟಾ ತೀರಾ ಕಡಿಮೆ. ದನಿ ಹೋದ ದಿನ ಎಷ್ಟು ಚೆಂದದ ಚಿತ್ರ ಇದ್ದರೂ ಮಕ್ಕಳು ಎದ್ದು ಹೋಗುತ್ತಾರೆ.

ನೀವು ಕುರ್ಚಿ ಬಿಟ್ಟು ಏಳದೆ, ಹತ್ತು ಜನರ ಜೊತೆ ಮಾತಾಡುತ್ತಾ ಪಾಠ ಮಾಡುವವರಾದರೆ ನನ್ನ ಮಾತು ಕೇಳಬೇಡಿ, ಸ್ಪೀಕರ್‌ಫೋನ್ ಸಾಕು. ಕುಣಿತವನ್ನೋ ಆಟವನ್ನೋ ಕಲಿಸುವವರಾದರೆ ಹಿಂಬಾಲಿಸುವ ಕ್ಯಾಮೆರಾಕ್ಕೂ ಅರ್ಥವಿದೆ. ಬರೆಯುತ್ತಾ, ಓಡಾಡುತ್ತಾ, ಕೈಲಿರುವ ದುಡ್ಡು ಎಣಿಸುತ್ತಾ ಪಾಠ ಮಾಡುವ ನನ್ನಂಥವರಿಗೆ ಕಾಲರ್ ಮೈಕು, ಹಳೆ ಫೋನು, ಬಿಳಿ ಹಾಳೆ.

ಕ್ಯಾಮೆರಾ ಮಾರಲು ಮನಸ್ಸು ಬರಲಿಲ್ಲ. ಅದನ್ನು ಬೋರ್ಡಿನ ಪಕ್ಕ ಇಟ್ಟು ಬೆಂಚುಗಳ ಕಡೆ ತಿರುಗಿಸಿದ್ದೇನೆ. ಮೈಕು ಹಿಡಿದವರು ಎದ್ದು ನಿಂತು ಮಾತಾಡುತ್ತಾರೆ, ಯಾರು ಮಾತಾಡುತ್ತಿದ್ದಾರೆ ಅಂತ ಮನೆಯವರಿಗೆ ಕಾಣುತ್ತದೆ. ಹೋದ ವಾರ ಹಿಂದಿನ ಬೆಂಚಿನ ಅದೇ ಹುಡುಗಿ ಎದ್ದು ನಿಂತಳು. ಪರದೆಯಿಂದ ಒಬ್ಬ ಕೂಗಿದ, "ಮೇಡಂ, ಟ್ಯಾಬ್ ಆಫ್ ಇದೆಯಾ ನೋಡಿ."