ಗೋಕರ್ಣ–ಹೊನ್ನಾವರ ದಂಡೆ ನಡಿಗೆ: ನಮ್ಮ ಕಡೆಯವರು ಅಡ್ವಾನ್ಸ್ ಕಟ್ಟುವ ಮುಂಚೆ ಇದನ್ನು ಓದಿ

ಗೋಕರ್ಣದಿಂದ ಕುಮಟಾ, ಧಾರೇಶ್ವರ ದಾಟಿ ಹೊನ್ನಾವರದವರೆಗೆ ಕಡಲ ದಂಡೆ ಹಿಡಿದು ಮೂರ್ನಾಲ್ಕು ದಿನ ನಡೆಸುವ ಪ್ಯಾಕೇಜುಗಳು ಈಗ ಕಲಬುರಗಿ, ಬೀದರ್, ಯಾದಗಿರಿಯ ವಾಟ್ಸಾಪ್ ಗುಂಪುಗಳಲ್ಲಿ ದಿನಾ ಬರುತ್ತಿವೆ. ಕಳೆದ ಹಂಗಾಮಿನಲ್ಲಿ ಹೀಗೆ ಹೋದ ಒಂದು ತಂಡ ಮೊದಲ ದಿನವೇ ನಡಿಗೆ ಬಿಟ್ಟು ಆಟೊ ಹತ್ತಬೇಕಾಯಿತು. ಒಬ್ಬರ ಮೊಣಕಾಲಿಗೆ ಹೊಲಿಗೆ ಬಿತ್ತು, ಇಬ್ಬರಿಗೆ ಸಲೈನ್ ಹಾಕಿಸಬೇಕಾಯಿತು. ಜೀವಕ್ಕೆ ಅಪಾಯವಾಗಲಿಲ್ಲ ಅನ್ನುವುದಷ್ಟೇ ಸಮಾಧಾನ. ಆದದ್ದೆಲ್ಲಾ ಮೊದಲೇ ತಪ್ಪಿಸಬಹುದಾಗಿತ್ತು, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇವೆ.

ಆಯೋಜಕರು ಬೆಳದಿಂಗಳು ಸಿಗಲಿ ಎಂದು ಹುಣ್ಣಿಮೆಯ ಶನಿವಾರ–ಭಾನುವಾರ ಆರಿಸಿದ್ದರು. ರಾತ್ರಿಯಿಡೀ ಬಸ್ಸು, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಆಮೇಲೆ ಅರಬೈಲ್ ಘಟ್ಟದ ತಿರುವುಗಳಲ್ಲಿ ವಾಂತಿ. ನಿದ್ದೆಯಿಲ್ಲದ ಜನರಿಗೆ ನಾಷ್ಟಾ ಮಾಡಿಸಿ ಒಂಬತ್ತಕ್ಕೆ ನಡಿಗೆ ಶುರು ಮಾಡಿಸಿದರು. ಓಂ ಬೀಚ್ ದಾಟಿ ಹಾಫ್ ಮೂನ್ ಕಡೆಯಿಂದ ಪ್ಯಾರಡೈಸ್ ಬೀಚಿಗೆ ಹೋಗಲು ಗುಡ್ಡದ ಮೇಲೆ ಕಾಲುದಾರಿ ಇದೆ. ಅದನ್ನು ಬಿಟ್ಟು ಕೆಳಗಿನ ಬಂಡೆಗಳ ಮೇಲೆ ಕರೆದೊಯ್ದರು, ಹತ್ತಿರ ಆಗುತ್ತದೆ ಎಂದು. ಅಲ್ಲಿಗೆ ಮುಟ್ಟಿದಾಗ ಹನ್ನೊಂದು. ಮುಂದೆ ದಾರಿ ಇಲ್ಲ, ಹಿಂದೆ ಬಂದ ಮರಳಿನ ಮೇಲೂ ಅಲೆ ಹೊಡೆಯುತ್ತಿದೆ. "ಹೋದ ವಾರ ಇದೇ ಹೊತ್ತಿಗೆ ಇಲ್ಲಿ ದಾರಿ ಇತ್ತು" ಎಂಬುದೊಂದೇ ಗೈಡ್ ಹೇಳಿದ ಮಾತು. ಕೊನೆಗೆ ದೋಣಿಯಲ್ಲಿದ್ದ ಮೀನುಗಾರರು ಬಂದು ಇಳಿಸಿಕೊಂಡರು.

ಆ ಗೈಡ್ ಸುಳ್ಳು ಹೇಳಲಿಲ್ಲ. ಹೋದ ವಾರ ನಿಜಕ್ಕೂ ದಾರಿ ಇದ್ದಿರುತ್ತದೆ. ಅಪಾಯ ಇರುವುದೇ ಅಲ್ಲಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಯ ಮೇಲೆ ಹತ್ತು–ಹದಿನೈದು ನಿಮಿಷ, ಹಾಗಾಗಿ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಏಳು ದಿನಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಅಂದರೆ ಹೋದ ವಾರ ಹನ್ನೊಂದಕ್ಕೆ ಪೂರ್ತಿ ಇಳಿತ ಇದ್ದರೆ ಈ ವಾರ ಹನ್ನೊಂದಕ್ಕೆ ಪೂರ್ತಿ ಉಬ್ಬರ. ಮೇಲಾಗಿ ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಎರಡು–ಮೂರು ದಿನ ನೀರು ಅತಿ ಹೆಚ್ಚು ಏರುತ್ತದೆ, ಅಷ್ಟಮಿಯ ಆಸುಪಾಸು ಕಡಿಮೆ. ಉತ್ತರ ಕನ್ನಡದ ದಂಡೆಯಲ್ಲಿ ಹುಣ್ಣಿಮೆ–ಅಮಾವಾಸ್ಯೆಯ ದಿನಗಳ ಉಬ್ಬರ ಸಾಮಾನ್ಯವಾಗಿ ಬೆಳಗಿನ ಹತ್ತರಿಂದ ಹನ್ನೆರಡರ ನಡುವೆ ಬೀಳುತ್ತದೆ. ನಾಷ್ಟಾ ಮುಗಿಸಿ ಹೊರಡುವವರಿಗೆ ಇದಕ್ಕಿಂತ ಕೆಟ್ಟ ಹೊತ್ತಿಲ್ಲ. ಮನೆಯ ಗೋಡೆಯ ಮೇಲಿನ ತಿಥಿ ಕ್ಯಾಲೆಂಡರ್ ನೋಡಿದರೆ ಅರ್ಧ ಲೆಕ್ಕ ಸಿಗುತ್ತದೆ. ನಿಖರ ಹೊತ್ತಿಗೆ ಕಾರವಾರದ ಉಬ್ಬರವಿಳಿತದ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಇಳಿತದ ಹೊತ್ತಿಗೆ ಎರಡು ಗಂಟೆ ಮೊದಲು ಕಲ್ಲಿನ ಜಾಗಕ್ಕೆ ಬಂದು, ನೀರು ತಿರುಗಿದ ಒಂದು ಗಂಟೆಯೊಳಗೆ ದಾಟಿಬಿಡಬೇಕು. ನೀರು ಒಂದೇ ವೇಗದಲ್ಲಿ ಏರುವುದಿಲ್ಲ: ಮೊದಲ ಗಂಟೆಯಲ್ಲಿ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು ಪಾಲು, ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ಮೂರು–ಮೂರು ಪಾಲು. "ಇನ್ನೂ ಪಾದದಷ್ಟೇ ಇದೆ" ಎಂದು ಫೋಟೊ ತೆಗೆಯುತ್ತಾ ನಿಂತವರು ಸಿಕ್ಕಿಬೀಳುವುದು ಈ ನಡುವಿನ ಎರಡು ಗಂಟೆಯಲ್ಲಿ.

ಪಟ್ಟಿ ಇಲ್ಲದಿದ್ದರೂ ಕಲ್ಲನ್ನೇ ನೋಡಿ ತಿಳಿಯಬಹುದು. ಕಡಲ ಕಡೆಯ ಬಂಡೆಯ ಮೇಲೆ ಒಂದು ಮಟ್ಟದವರೆಗೆ ಕಪ್ಪು–ಹಸಿರು ಪಾಚಿ, ಅದರಲ್ಲಿ ಕಚ್ಚಿಕೊಂಡ ಸಣ್ಣ ಚಿಪ್ಪುಗಳು ಇರುತ್ತವೆ. ಆ ಪಟ್ಟೆಯ ಮೇಲಂಚಿನವರೆಗೆ ನೀರು ಬಂದೇ ಬರುತ್ತದೆ. ನೀವು ನಿಂತ ಜಾಗದಲ್ಲಿ ಪಟ್ಟೆ ನಿಮ್ಮ ಎದೆಯ ಎತ್ತರಕ್ಕಿದ್ದರೆ ಆ ಜಾಗ ಮುಳುಗುವ ಜಾಗ, ಕೂಡಲೇ ತಿರುಗಿ. ಬೀದರಿನವರಿಗೆ ಇಲ್ಲಿ ವಿಶೇಷವಾಗಿ ಒಂದು ಮಾತು. ಇಲ್ಲಿನ ಗುಡ್ಡಗಳಲ್ಲೂ ನಿಮ್ಮ ಕೋಟೆಯ ಹಾಗೆ ಜಂಬಿಟ್ಟಿಗೆ ಕಲ್ಲೇ ಸಿಗುತ್ತದೆ, ಅದನ್ನು ನೋಡಿ ಧೈರ್ಯ ಬರುತ್ತದೆ. ಒಣಗಿದ್ದಾಗ ಅದು ಪಾದ ಹಿಡಿಯುತ್ತದೆ, ನಿಜ. ಅಲೆ ಬಡಿಯುವ ಕಡೆ ಮಾತ್ರ ಅದರ ಗುಳಿಗಳಲ್ಲಿ ಉಪ್ಪುನೀರು, ಉಬ್ಬುಗಳ ಮೇಲೆ ಲೋಳೆ, ಲೋಳೆಯ ನಡುವೆ ಬ್ಲೇಡಿನಂಥ ಚಿಪ್ಪಿನ ಅಂಚು. ಜಾರಿದಾಗ ಕೈ ಊರಿದರೆ ಅಂಗೈ ಹರಿಯುತ್ತದೆ, ಊರದಿದ್ದರೆ ಮೊಣಕಾಲು. ಗಾಯವನ್ನು ಸಮುದ್ರದ ನೀರಿನಲ್ಲಿ ತೊಳೆಯಬೇಡಿ. ಕುಡಿಯುವ ನೀರಿನಿಂದ ತೊಳೆದು, ಒಳಗೆ ಉಳಿದ ಚಿಪ್ಪಿನ ಚೂರು ತೆಗೆಸಿ, ಟಿಟಿ ಹಾಕಿಸಿ.

ಬಿಸಿಲಿನ ವಿಷಯಕ್ಕೆ ಬರೋಣ. ಯಾಕೆಂದರೆ ನಮ್ಮವರು ಸೋಲುವುದು ಇಲ್ಲೇ. "ನಮ್ಮ ಬಿಸಲಾಗ ಹುಟ್ಟಿ ಬೆಳದವ್ರಿಗಿ ಇದೇನ್ ಬಿಸಲ ಬಿಡ್ರಿ" ಎಂದು ಎಲ್ಲರೂ ಅನ್ನುತ್ತಾರೆ. ಕಲಬುರಗಿಯ ಮೇ ತಿಂಗಳ 42 ಡಿಗ್ರಿ ಒಣ ಬಿಸಿಲು. ಬೆವರು ಬಂದ ಕೂಡಲೇ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಕಡಲ ದಂಡೆಯಲ್ಲಿ ಜನವರಿಯ 32 ಡಿಗ್ರಿಯಲ್ಲೂ ಗಾಳಿ ತೇವದಿಂದ ತುಂಬಿರುತ್ತದೆ. ಬೆವರು ಹರಿಯುತ್ತದೆ, ಆರುವುದಿಲ್ಲ. ಮೈಯೊಳಗಿನ ಕಾವು ಹೊರಗೆ ಹೋಗದೆ ನೀರು, ಉಪ್ಪು ಮಾತ್ರ ಹೋಗುತ್ತವೆ. ಚೀಲ ಹೊತ್ತು ಮರಳಿನಲ್ಲಿ ನಡೆಯುವಾಗ ಗಂಟೆಗೆ ಒಂದು ಲೀಟರ್ ಬೆವರುವುದು ದೊಡ್ಡ ಮಾತಲ್ಲ. ಆ ತಂಡದವರಿಗೆ ತಲಾ ಒಂದು ಲೀಟರ್ ಬಾಟಲಿ ಕೊಟ್ಟು, ಮುಂದೆ ಅಂಗಡಿ ಸಿಗುತ್ತವೆ ಎಂದಿದ್ದರು. ಗುಡ್ಡದ ದಾರಿಯಲ್ಲಿ ಅಂಗಡಿ ಎಲ್ಲಿಂದ ಬರಬೇಕು? ಮಧ್ಯಾಹ್ನ ಎರಡಕ್ಕೆ ಕಾಲಿನ ಮೀನಖಂಡ ಹಿಡಿದುಕೊಂಡಿತು, ಆಮೇಲೆ ವಾಂತಿ.

ಒಬ್ಬರಿಗೆ ಕೈಯಲ್ಲಿ ಕನಿಷ್ಠ ಮೂರು ಲೀಟರ್ ಇರಬೇಕು, ದಿನಕ್ಕೆ ಐದು ಲೀಟರ್ ಕುಡಿಯುವ ಏರ್ಪಾಡು ಇರಬೇಕು. ಬರೀ ನೀರು ಸಾಲದು. ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣ, ಅಂದರೆ 21 ಗ್ರಾಂ ಸುಮಾರಿನದು, ಪೂರ್ತಿ ಒಂದು ಲೀಟರ್ ನೀರಿಗೆ. ಅದನ್ನು ಅರ್ಧ ಲೀಟರ್ ಬಾಟಲಿಗೆ ಸುರಿದು ಕುಡಿದರೆ ಗಟ್ಟಿಯಾಗಿ ವಾಂತಿ ಹೆಚ್ಚಾಗುತ್ತದೆ. ಬಹಳ ಮಂದಿ ಮಾಡುವುದು ಹೀಗೇ. ಹನ್ನೊಂದರಿಂದ ಮೂರೂವರೆವರೆಗೆ ನೆರಳಲ್ಲಿರಿ. ಯಾರಾದರೂ ಮಾತು ತೊದಲಿದರೆ, ದಿಕ್ಕು ತಪ್ಪಿದವರಂತೆ ನಡೆದುಕೊಂಡರೆ ಅದು ಸುಸ್ತಲ್ಲ: ಮೈಮೇಲೆ ನೀರು ಸುರಿದು, ಬೀಸಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಿ.

ಅಘನಾಶಿನಿ ನದಿಯ ಬಾಯಿ ಈ ನಡಿಗೆಯ ಇನ್ನೊಂದು ಗಂಟು. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿ ಇದೆ, ಬೈಕು ಕೂಡ ದಾಟಿಸುತ್ತಾರೆ. ಸಂಜೆಯ ಕೊನೆಯ ದೋಣಿ ತಪ್ಪಿದರೆ ಮಾದನಗೇರಿ, ಮಿರ್ಜಾನ್ ಮೇಲೆ ಹೆದ್ದಾರಿ ಹಿಡಿದು ಕುಮಟಾ ಸುತ್ತಿ ಬರಬೇಕು. ಆ ತಂಡಕ್ಕೆ ಆದದ್ದೂ ಅದೇ, ಆಟೊ ದುಡ್ಡು ತಮ್ಮ ಕಿಸೆಯಿಂದ. ಹಿಂದಿನ ದಿನವೇ ಕೊನೆಯ ದೋಣಿ ಎಷ್ಟಕ್ಕೆ ಎಂದು ತದಡಿಯಲ್ಲಿ ಕೇಳಿಸಿಕೊಳ್ಳಿ. ಭೀಮೆಯಲ್ಲಿ, ಕೃಷ್ಣೆಯಲ್ಲಿ ಈಜಿದವರು "ಇಷ್ಟ್ ಅಗಲ ತಾನೆ" ಎಂದು ಇಳಿಯಲೇಬೇಡಿ. ನಮ್ಮ ನದಿ ಒಂದೇ ಕಡೆ ಹರಿಯುತ್ತದೆ. ಇಲ್ಲಿ ಉಬ್ಬರಕ್ಕೆ ನೀರು ಒಳಗೆ ನುಗ್ಗುತ್ತದೆ, ಇಳಿತಕ್ಕೆ ನದಿಯ ನೀರೂ ಸೇರಿ ಸಮುದ್ರಕ್ಕೆ ಎಳೆಯುತ್ತದೆ. ಅಂಚಿನ ಕೆಸರಿನಲ್ಲಿ ಮೊಣಕಾಲುದ್ದ ಹೂತುಹೋಗುವ ಜಾಗಗಳಿವೆ.

ಸಮುದ್ರಕ್ಕೆ ಇಳಿಯುವುದಕ್ಕೂ ಇದೇ ಎಚ್ಚರ. ಎರಡೂ ಕಡೆ ಅಲೆ ಒಡೆಯುತ್ತಾ, ನಡುವೆ ಒಂದು ಓಣಿಯಷ್ಟು ಜಾಗ ಮಾತ್ರ ಶಾಂತವಾಗಿ ಕಂಡರೆ ಅದು ನೀರು ಒಳಕ್ಕೆ ಎಳೆಯುವ ಜಾಗ. ಈಜು ಬಾರದವರು ಸುರಕ್ಷಿತ ಎಂದು ಇಳಿಯುವುದು ಸರಿಯಾಗಿ ಅಲ್ಲಿಗೇ. ಸಿಕ್ಕಿಕೊಂಡರೆ ದಂಡೆಯ ಕಡೆಗೆ ಸೆಣಸದೆ, ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರೂ ನಮ್ಮ ಹಾಗೆ ಕಡಲಿಲ್ಲದ ಜಿಲ್ಲೆಯ ಮಕ್ಕಳು. ಕಾವಲುಗಾರರು ಇಲ್ಲದ ದಂಡೆಯಲ್ಲಿ ಮೊಣಕಾಲಿಗಿಂತ ಮೇಲೆ ನೀರಿಗೆ ಹೋಗಬೇಡಿ.

ಕಾಲಿನ ಬಗ್ಗೆ: ದಕ್ಷಿಣಕ್ಕೆ ನಡೆಯುವಾಗ ಕಡಲು ಸದಾ ಬಲಕ್ಕೆ, ಮರಳು ಅತ್ತ ಇಳಿಜಾರು. ದಿನವಿಡೀ ಬಲಗಾಲು ಕೆಳಗೆ, ಎಡಗಾಲು ಮೇಲೆ. ಎರಡನೇ ದಿನಕ್ಕೆ ಮಂಡಿ, ಹರಡು ನೋವು ಶುರು. ಇಳಿತದಲ್ಲಿ ನೀರಂಚಿನ ಗಟ್ಟಿ ಮರಳು ಸಿಗುತ್ತದೆ, ಅದು ಸಪಾಟು. ಉಬ್ಬರದಲ್ಲಿ ಉಳಿಯುವುದು ಮೇಲಿನ ಸಡಿಲ ಮರಳು. ಅಲ್ಲಿ ವೇಗ ಅರ್ಧಕ್ಕಿಳಿಯುತ್ತದೆ, ಆಯೋಜಕರ ಕಿಲೋಮೀಟರ್ ಲೆಕ್ಕ ತಪ್ಪುವುದು ಇದಕ್ಕೇ. ಒದ್ದೆ ಕಾಲುಚೀಲದೊಳಗೆ ಸೇರಿದ ಮರಳು ಉಪ್ಪುಕಾಗದದಂತೆ ಉಜ್ಜುತ್ತದೆ. ಗಂಟೆಗೊಮ್ಮೆ ಬಿಚ್ಚಿ ಕೊಡವಿ, ಚರ್ಮ ಕೆಂಪಾದ ಕೂಡಲೇ ಬಟ್ಟೆಯ ಮೆಡಿಕಲ್ ಟೇಪ್ ಅಂಟಿಸಿ. ಬೊಬ್ಬೆ ಎದ್ದ ಮೇಲೆ ಅಂಟಿಸಿದರೆ ಉಪಯೋಗ ಕಡಿಮೆ.

ಖಡಕ್ ರೊಟ್ಟಿ ಒಯ್ಯುವವರು ಗಾಳಿಯಾಡದ ಡಬ್ಬಿಯಲ್ಲಿ ಒಯ್ಯಿರಿ. ಬಟ್ಟೆಯಲ್ಲಿ ಕಟ್ಟಿದ್ದು ಒಂದೇ ರಾತ್ರಿಗೆ ಚರ್ಮದಂತೆ ಮೆತ್ತಗಾಗುತ್ತದೆ. ಶೇಂಗಾ ಹಿಂಡಿ ಧಾರಾಳ ಇಟ್ಟುಕೊಳ್ಳಿ, ಉಪ್ಪೂ ಸಿಗುತ್ತದೆ.

ದಂಡೆಯ ಮೇಲೆ ಟೆಂಟು, ಬೆಂಕಿ, ಡಿಜೆ ಎಂದು ಯಾರಾದರೂ ಹೇಳಿದರೆ ಆ ಪ್ಯಾಕೇಜನ್ನೇ ಬಿಡಿ. ಹೊನ್ನಾವರದ ಸುತ್ತಿನ ದಂಡೆಗಳಲ್ಲಿ ಚಳಿಗಾಲದ ರಾತ್ರಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಬೆಳಕು ಕಂಡರೆ ಹಿಂತಿರುಗುತ್ತವೆ. 1972ರ ವನ್ಯಜೀವಿ ಕಾಯ್ದೆಯಡಿ ಅವು ಅತಿ ಹೆಚ್ಚು ರಕ್ಷಣೆಯಿರುವ ಜೀವಿಗಳು. ಹಿಂದಿನ ಊರುಗಳಲ್ಲಿ ಹೋಂಸ್ಟೇ ಸಿಗುತ್ತವೆ.

ದುಡ್ಡು ಕಟ್ಟುವ ಮುಂಚೆ ಆಯೋಜಕರಿಗೆ ಫೋನ್ ಮಾಡಿ ಕೇಳಿ: ನಾವು ನಡೆಯುವ ದಿನ ಇಳಿತ ಎಷ್ಟಕ್ಕೆ? ತದಡಿಯ ಕೊನೆಯ ದೋಣಿ ಎಷ್ಟಕ್ಕೆ? ಒಬ್ಬರಿಗೆ ನಡೆಯಲಾಗದಿದ್ದರೆ ಪ್ರತಿ ತಾಸಿನ ನಡಿಗೆಯಲ್ಲಿ ರಸ್ತೆಗೆ ಏರುವ ದಾರಿ ಎಲ್ಲಿದೆ? ಗಂಟೆ ಹೇಳದೆ "ಅಲ್ಲಿ ಹೋಗಿ ನೋಡೋಣ್ರಿ" ಎಂದರೆ ಅಡ್ವಾನ್ಸ್ ಕೊಡಬೇಡಿ. ಬಸ್ಸಿಳಿದ ದಿನ ನಡಿಗೆ ಬೇಡ ಎಂದು ಮೊದಲೇ ಬರೆಸಿಕೊಳ್ಳಿ. ಗುಡ್ಡದ ಬುಡದಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ, ಹಾಗಾಗಿ ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ ಎಂಬುದು ಮನೆಯವರ ಹತ್ತಿರ ಬರಹದಲ್ಲಿರಲಿ. ತುರ್ತಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093.

ಸ್ವಂತವಾಗಿ ಹೋಗುವವರಿದ್ದರೆ ಕುಮಟಾದಲ್ಲಿ ರೂಮು ಮಾಡಿ. ಚೀಲ ಅಲ್ಲೇ ಬಿಟ್ಟು, ಒಂದು ದಿನ ಗೋಕರ್ಣದಿಂದ ಗುಡ್ಡದ ದಾರಿಯಲ್ಲಿ ತದಡಿಗೆ, ಒಂದು ದಿನ ಅಘನಾಶಿನಿಯಿಂದ ಕಾಗಾಲ, ಬಾಡ, ಕಡ್ಲೆ ಮೇಲೆ ಕುಮಟಾಕ್ಕೆ, ಇನ್ನೊಂದು ದಿನ ಧಾರೇಶ್ವರದ ಕಡೆಗೆ ನಡೆದು ಸಂಜೆ ಬಸ್ಸಿಗೆ ವಾಪಸ್ ಬನ್ನಿ. ತಿಥಿ ಅಷ್ಟಮಿಯ ಹತ್ತಿರದ್ದಿರಲಿ, ತಿಂಗಳು ನವೆಂಬರ್‌ನಿಂದ ಫೆಬ್ರವರಿಯೊಳಗಿನದಿರಲಿ.