ಡೂಕಿ ಚೇಸ್ ರೆಸ್ಟೋರೆಂಟ್: ಗಂಬೋ ಬಟ್ಟಲು ಮತ್ತು ಮಹಡಿಯ ಕೋಣೆ

ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಹೋದ ಪ್ರವಾಸಿಗರಲ್ಲಿ ಹಲವರು ಅಲ್ಲಿಯ ಹಳೆಯ ಬಡಾವಣೆಯಾದ ಫ್ರೆಂಚ್ ಕ್ವಾರ್ಟರ್‌ನಲ್ಲೇ ಊಟ ಮುಗಿಸಿ ಹಿಂದಿರುಗುತ್ತಾರೆ. ಟ್ರೆಮೆ ಬಡಾವಣೆಯ ಆರ್ಲಿಯನ್ಸ್ ಅವೆನ್ಯೂವಿನಲ್ಲಿರುವ ಡೂಕಿ ಚೇಸ್ ರೆಸ್ಟೋರೆಂಟಿಗೆ ನಾನು ಹೋದದ್ದು ಗಂಬೋ ಎಂಬ ಅಲ್ಲಿಯ ಮಂದ ಸಾರನ್ನು ಸವಿಯುವುದಕ್ಕೆ ಎಷ್ಟೋ, 2019ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡ ಅದರ ಒಡತಿ ಲಿಯಾ ಚೇಸ್ ಅವರ ಮೇಲಿನ ಗೌರವಕ್ಕೂ ಅಷ್ಟೇ.

1941ರಲ್ಲಿ ಅವರ ಅತ್ತೆ ಮಾವ ಆರಂಭಿಸಿದಾಗ ಇದು ಸ್ಯಾಂಡ್‌ವಿಚ್ ಮಾರುವ ಸಣ್ಣ ಅಂಗಡಿ. 1946ರಲ್ಲಿ ಮದುವೆಯಾಗಿ ಬಂದ ಲಿಯಾ ಅದಕ್ಕೂ ಮೊದಲು ಫ್ರೆಂಚ್ ಕ್ವಾರ್ಟರ್‌ನಲ್ಲಿ ಪರಿಚಾರಿಕೆಯಾಗಿ ದುಡಿದವರು. ಬಿಳಿಯರಿಗೆ ತಾವು ಬಡಿಸುತ್ತಿದ್ದಂಥ ಊಟದ ಮನೆ ತಮ್ಮ ಕರಿಯ ಜನಕ್ಕೂ ಇರಬೇಕೆಂದು ಹಠ ಹಿಡಿದು, ಮೇಜಿಗೆ ಬಟ್ಟೆ ಹಾಸಿದರು, ಗೋಡೆಗಳಿಗೆ ಕಪ್ಪು ಕಲಾವಿದರ ಚಿತ್ರಗಳನ್ನು ತೂಗುಹಾಕಿದರು. ಕರಿಯರೂ ಬಿಳಿಯರೂ ಒಟ್ಟಿಗೆ ಕುಳಿತು ಉಣ್ಣುವುದಕ್ಕೆ ಕಾನೂನೇ ಅಡ್ಡಿಯಾಗಿದ್ದ ಕಾಲದಲ್ಲಿ ಇಲ್ಲಿಯ ಮಹಡಿಯ ಕೋಣೆಯಲ್ಲಿ ಅವರಿಬ್ಬರೂ ಉಂಡರು, ಕರಿಯರ ನಾಗರಿಕ ಹಕ್ಕುಗಳ ಹೋರಾಟದ ಲೆಕ್ಕಾಚಾರ ಹಾಕಿದರು. ಆ ಹೋರಾಟದ ವಕೀಲ ಥರ್ಗುಡ್ ಮಾರ್ಷಲ್, ಮಾರ್ಟಿನ್ ಲೂಥರ್ ಕಿಂಗ್, ಬಸ್ಸುಗಳಲ್ಲಿನ ವರ್ಣಭೇದವನ್ನು ಪ್ರತಿಭಟಿಸಿ ಒಟ್ಟಿಗೆ ಪಯಣಿಸಿದ 1961ರ ಫ್ರೀಡಂ ರೈಡರ್‌ಗಳು ಎಲ್ಲರಿಗೂ ಲಿಯಾ ಬಡಿಸಿದ್ದಾರೆ. ಸಹಪಂಕ್ತಿ ಭೋಜನ ಎಂದರೆ ಏನೆಂದು ಬಲ್ಲ ನಮಗೆ ಆ ಸಾಹಸದ ತೂಕವನ್ನು ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ಈ ಕಟ್ಟಡದ ಮೇಲೆ ಬಾಂಬನ್ನೂ ಎಸೆದರು, ಒಲೆ ಆರಲಿಲ್ಲ. ಅದನ್ನು ಆರಿಸಿದ್ದು 2005ರ ಕತ್ರಿನಾ ಚಂಡಮಾರುತದ ನೆರೆ, ಅದೂ 2007ರವರೆಗೆ ಮಾತ್ರ.

ಇನ್ನು ಊಟದ ಮಾತು. ಗಂಬೋ ಎಂಬ ಹೆಸರು ಬೆಂಡೆಕಾಯಿಯ ಆಫ್ರಿಕನ್ ಹೆಸರಿನಿಂದ ಬಂದದ್ದಾದರೂ, ಈ ಮನೆಯ ಕ್ರಿಯೋಲ್ (ಫ್ರೆಂಚ್, ಆಫ್ರಿಕನ್ ಮುಂತಾದ ಅಡುಗೆಗಳು ಬೆರೆತ ಸ್ಥಳೀಯ ಶೈಲಿಯ) ಗಂಬೋಗೆ ಬೆಂಡೆ ಬೀಳುವುದಿಲ್ಲ. ಸಾಸಫ್ರಾಸ್ ಎಂಬ ಮರದ ಎಲೆಯನ್ನು ಒಣಗಿಸಿ ಕುಟ್ಟಿದ ಫಿಲೆ ಪುಡಿಯೇ ಅದನ್ನು ಗಟ್ಟಿಗೊಳಿಸುತ್ತದೆ. ಹಿಟ್ಟು ಹುರಿದ ಕಂದು ಬಣ್ಣದ ಸಾರಿನಲ್ಲಿ ಏಡಿ, ಸೀಗಡಿ, ಸಾಸೇಜುಗಳೆಲ್ಲ ಒಂದಾಗಿದ್ದರೂ ಒಂದೊಂದರ ರುಚಿ ನಾಲಗೆಗೆ ಬೇರೆಯಾಗಿಯೇ ಸಿಗುತ್ತದೆ. ಖಾರ ಮಾತ್ರ ನಮ್ಮ ಲೆಕ್ಕಕ್ಕೆ ತೀರಾ ಸೌಮ್ಯ. ಹಾಗೆಂದು ರುಚಿ ನೋಡುವ ಮೊದಲೇ ಖಾರದ ಸಾಸ್ ಸುರಿದುಕೊಂಡ ಒಬಾಮ ಅವರನ್ನು ಲಿಯಾ ಗದರಿದ್ದರೆಂಬುದು ನೆನಪಾಗಿ, ನಾನು ಸೀಸೆಯತ್ತ ಚಾಚಿದ ಕೈಯನ್ನು ಹಿಂದೆಗೆದುಕೊಂಡೆ. ಹುರಿದ ಕೋಳಿಯ ಸಿಪ್ಪೆ ಕಚ್ಚಿದರೆ ಸದ್ದಾಗುವಷ್ಟು ಗರಿಗರಿಯಾಗಿತ್ತು, ಒಳಗೆ ರಸ ಆರಿರಲಿಲ್ಲ.

ಸಸ್ಯಾಹಾರಿಗಳಿಗೆ ಇದನ್ನು ಸಲಹೆ ಮಾಡಲಾರೆ. ಈಸ್ಟರ್‌ಗೆ ಮುಂಚಿನ ಗುರುವಾರ ಒಂಬತ್ತು ಬಗೆಯ ಸೊಪ್ಪು ಬೇಯಿಸಿ ಮಾಡುವ ಹಸಿರು ಗಂಬೋ ಕಣ್ಣಿಗೆ ನಮ್ಮ ಮಸ್ಸೊಪ್ಪಿನಂತೆಯೇ ಕಂಡರೂ, ಅದರ ತಳದಲ್ಲಿಯೂ ಮಾಂಸವಿರುತ್ತದೆ.