ಇನ್ಹೇಲರಿನಲ್ಲಿ ಇನ್ನೆಷ್ಟು ಉಳಿದಿದೆ: ನಾನು ಬಳಸಿ ನೋಡಿದ ಐದು ಬಗೆ

ಹೊಸನಗರ ತಾಲ್ಲೂಕಿನ ನಮ್ಮ ಮನೆಯಿಂದ ಔಷಧದಂಗಡಿಗೆ ಹದಿನಾಲ್ಕು ಕಿಲೋಮೀಟರು. ಆಷಾಢದ ಮಳೆಯಲ್ಲಿ ರಸ್ತೆಗೆ ಮರ ಬಿತ್ತೆಂದರೆ ಬಸ್ಸೂ ಇಲ್ಲ, ಕರೆಂಟೂ ಇಲ್ಲ. ಹನ್ನೊಂದು ವರ್ಷಗಳಿಂದ ಉಬ್ಬಸದೊಂದಿಗೆ ಬದುಕುತ್ತಿರುವ ನನಗೆ, ಇನ್ಹೇಲರಿನಲ್ಲಿ ಎಷ್ಟು ಔಷಧ ಉಳಿದಿದೆ ಎಂಬುದು ಮನೆಯಲ್ಲಿ ಅಕ್ಕಿ ಎಷ್ಟಿದೆ ಎಂಬಷ್ಟೇ ಮುಖ್ಯವಾದ ಪ್ರಶ್ನೆ. ವೈದ್ಯರು ಬೇರೆ ಬೇರೆ ಕಾಲದಲ್ಲಿ ಬರೆದುಕೊಟ್ಟ ಐದು ಬಗೆಯ ಸಾಧನಗಳನ್ನು ಈ ಒಂದು ಪ್ರಶ್ನೆಯಿಂದಲೇ ಇಲ್ಲಿ ಹೋಲಿಸುತ್ತಿದ್ದೇನೆ.

ಮೊದಲನೆಯದು ಲೆಕ್ಕದ ಅಂಕಿಯಿಲ್ಲದ, ಉಸಿರು ಕಟ್ಟಿದಾಗ ತುರ್ತಿಗೆ ಎಳೆಯುವ ಸಾಲ್ಬುಟಮಾಲ್ ಎಂಬ ಔಷಧದ ಪಂಪು. ಅದರಲ್ಲಿ 200 ಬಾರಿ ಒತ್ತುವಷ್ಟು ಔಷಧವಿರುತ್ತದೆ. ಆದರೆ ಔಷಧವನ್ನು ಹೊರದೂಡುವ ಅನಿಲ ಅದರ ನಂತರವೂ ಸ್ವಲ್ಪ ಉಳಿದಿರುವುದರಿಂದ, ಒತ್ತಿದಾಗಲೆಲ್ಲ ಬುಸ್ಸೆಂಬ ಸದ್ದು ಬರುತ್ತಲೇ ಇರುತ್ತದೆ, ಒಳಗೆ ಹೋಗುವ ಔಷಧದ ಪ್ರಮಾಣಕ್ಕೆ ಮಾತ್ರ ಭರವಸೆಯಿಲ್ಲ. ಒಂದು ಮಳೆಗಾಲದ ರಾತ್ರಿ ನಾನು ಆರು ಬಾರಿ ಎಳೆದರೂ ಎದೆ ಸಡಿಲವಾಗಲಿಲ್ಲ. ಪಂಪು ಸದ್ದು ಮಾಡುತ್ತಿತ್ತು, ಅಲ್ಲಾಡಿಸಿದರೆ ಒಳಗೆ ದ್ರವ ಕುಲುಕುತ್ತಿತ್ತು. ನೆರೆಯವರ ಜೀಪಿನಲ್ಲಿ ಆಸ್ಪತ್ರೆ ಸೇರಿದ ಮೇಲೆಯೇ, ಆ ಡಬ್ಬಿ ಎಂದೋ ಮುಗಿದಿರಬೇಕೆಂದು ತಿಳಿದದ್ದು. ಡಬ್ಬಿಯನ್ನು ನೀರಿನಲ್ಲಿ ತೇಲಿಸಿ ನೋಡಿ ಎಂದು ಈಗಲೂ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೇಲುವುದನ್ನು ನೋಡಿ ಔಷಧದ ಅಳತೆ ತಿಳಿಯುವುದಿಲ್ಲ, ಕವಾಟದೊಳಗೆ ನೀರು ಸೇರಿದರೆ ಅದು ಕೆಡಲೂಬಹುದು.

ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಲೆಕ್ಕವಿಡುವುದನ್ನೂ ಮಾಡಿದ್ದೇನೆ. ಬೆಳಿಗ್ಗೆ ಎರಡು, ರಾತ್ರಿ ಎರಡು ಎಂದು ನಿಗದಿಯಾದ, ಉಬ್ಬಸ ಬರದಂತೆ ತಡೆಗಟ್ಟುವ 120 ಡೋಸಿನ ಪಂಪಿಗೆ ಅದು ಸಾಕು. ಮೂವತ್ತು ದಿನಕ್ಕೆ ಮುಗಿಯುತ್ತದೆ. ಸಾಲ್ಬುಟಮಾಲಿಗೆ ಅದು ಹೊಂದುವುದಿಲ್ಲ. ಅಡಿಕೆ ಬೇಯಿಸುವ ಹಂಡೆಯ ಹೊಗೆ ಅಂಗಳ ತುಂಬುವ ದಿನಗಳಲ್ಲಿ ದಿನಕ್ಕೆ ನಾಲ್ಕು ಬಾರಿ ಬೇಕಾದದ್ದು, ಬೇಸಿಗೆಯಲ್ಲಿ ವಾರಕ್ಕೊಮ್ಮೆಯೂ ಬೇಕಾಗುವುದಿಲ್ಲ. ಮೇಲಾಗಿ ನಡುರಾತ್ರಿ ಉಸಿರಿಗೆ ಪರದಾಡುವವನು ಪೆನ್ನು ಹುಡುಕಲಾರ. ಹೀಗಾಗಿ ಅಂಕಿ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ತುರ್ತಿನ ಪಂಪಿಗೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯದು ಅಂಕಿಯಿರುವ ಪಂಪು. ಬೆನ್ನಿನ ಪುಟ್ಟ ಕಿಂಡಿಯಲ್ಲಿ ಸಂಖ್ಯೆ ಕಾಣುತ್ತದೆ, ಪ್ರತಿ ಒತ್ತಿಗೂ ಒಂದೊಂದೇ ಇಳಿಯುತ್ತದೆ. ಬಹಳ ದಿನ ಬಳಸದೆ ಇಟ್ಟಿದ್ದರೆ ಮೊದಲು ಗಾಳಿಗೆ ಬಿಡಬೇಕಾದ ಒತ್ತುಗಳೂ ಲೆಕ್ಕಕ್ಕೆ ಸೇರುತ್ತವೆ, ಅದು ನ್ಯಾಯವೇ. ಕನ್ನಡಕವಿಲ್ಲದೆ ನನಗೆ ಆ ಅಂಕಿ ಓದಲಾಗುವುದಿಲ್ಲ ಎಂಬುದೊಂದೇ ಕೊರತೆ.

ಮೂರನೆಯದು ಅಕ್ಯುಹೇಲರ್, ಔಷಧವನ್ನು ಪುಡಿಯಾಗಿ ಎಳೆದುಕೊಳ್ಳುವ ಸಾಧನ; ತಟ್ಟೆಯಂತೆ ದುಂಡಗಿದೆ. ಅದರ 60 ಡೋಸುಗಳು ಒಂದೊಂದಾಗಿ ಫಾಯಿಲ್ ಪಟ್ಟಿಯೊಳಗೆ ಮುಚ್ಚಿಕೊಂಡಿರುವುದರಿಂದ ನಮ್ಮ ಕಡೆಯ ಥಂಡಿ ಪುಡಿಗೆ ತಾಗುವುದಿಲ್ಲ. ಕೊನೆಯ ಐದು ಅಂಕಿಗಳು ಕೆಂಪಾಗಿ ಬರುತ್ತವೆ. ಆದರೆ ದಿನಕ್ಕೆರಡು ಬಾರಿ ಬಳಸುವವರಿಗೆ ಐದೆಂದರೆ ಎರಡೂವರೆ ದಿನ. ಶಿವಮೊಗ್ಗ ಪೇಟೆಯೊಳಗೆ ಇರುವವರಿಗೆ ಅಷ್ಟು ಮುನ್ಸೂಚನೆ ಸಾಕು, ನಮಗೆ ಸಾಲದು. ಮೊಮ್ಮಗಳು ಒಮ್ಮೆ ಆಟಕ್ಕೆ ಸನ್ನೆಯನ್ನು ಮೂರು ಬಾರಿ ಸರಿಸಿದಾಗ ಮೂರು ಡೋಸು ಹಾಳಾಗಿ, ಅಂಕಿಯೂ ಮೂರು ಇಳಿದಿತ್ತು. ನಾಲ್ಕನೆಯದಾದ ಟರ್ಬುಹೇಲರೂ ಪುಡಿಯ ಸಾಧನವೇ, ಅದನ್ನು ಎರಡೇ ತಿಂಗಳು ಬಳಸಿದೆ. ಅದರ ಕಿಂಡಿ ಹತ್ತು ಹತ್ತರ ಅಂತರದಲ್ಲಿ ಗುರುತು ತೋರಿಸುತ್ತದೆಯೇ ಹೊರತು ಒಂದೊಂದಾಗಿ ಎಣಿಸುವುದಿಲ್ಲ. ಅಲ್ಲಾಡಿಸಿದಾಗ ಕೇಳುವ ಸದ್ದು ತೇವ ಹೀರುವ ಹರಳುಗಳದ್ದು, ಔಷಧದ್ದಲ್ಲ. ಇದನ್ನು ತಿಳಿಯದೆ ಮೋಸಹೋಗುವುದು ಸುಲಭ.

ಅಂಕಿಯೇ ಬೇಡದ ಸಾಧನ ಐದನೆಯದಾದ ರೋಟಾಹೇಲರ್. ಪುಡಿ ತುಂಬಿದ ಕ್ಯಾಪ್ಸೂಲನ್ನು ಅದರೊಳಗಿಟ್ಟು, ತಿರುಗಿಸಿ ಹೋಳು ಮಾಡಿ, ಪುಡಿಯನ್ನು ಎಳೆದುಕೊಳ್ಳಬೇಕು. ಸೀಸೆಯಲ್ಲಿ ಎಷ್ಟು ಕ್ಯಾಪ್ಸೂಲ್ ಇದೆಯೋ ಅಷ್ಟೇ ಡೋಸು, ಎಣಿಸಲು ಮಗುವಿಗೂ ಬರುತ್ತದೆ. ಇನ್ನೊಂದು ಗುಣ ಉಳಿದ ಯಾವುದರಲ್ಲೂ ನನಗೆ ಸಿಗಲಿಲ್ಲ: ಎಳೆದ ನಂತರ ಪಾರದರ್ಶಕ ಮೈಯನ್ನು ಬೆಳಕಿಗೆ ಹಿಡಿದರೆ, ಕ್ಯಾಪ್ಸೂಲಿನ ಹೋಳಿನಲ್ಲಿ ಬಿಳಿ ಪುಡಿ ಉಳಿದಿದೆಯೇ ಎಂಬುದು ಕಾಣುತ್ತದೆ, ಉಳಿದಿದ್ದರೆ ಮತ್ತೊಮ್ಮೆ ಎಳೆಯಬಹುದು. ಅಂಕಿ ಎಣಿಸುವುದು ಸಾಧನದಿಂದ ಹೊರಟದ್ದನ್ನು, ನನ್ನೊಳಗೆ ಸೇರಿದ್ದನ್ನಲ್ಲ. ಆದರೆ ಜುಲೈ ತಿಂಗಳಲ್ಲಿ, ಸೀಸೆಯ ಮುಚ್ಚಳ ಒಂದು ರಾತ್ರಿ ಸಡಿಲ ಉಳಿದರೂ ಕ್ಯಾಪ್ಸೂಲ್ ಮೆತ್ತಗಾಗುತ್ತದೆ; ತಿರುಗಿಸಿದಾಗ ಎರಡು ಹೋಳಾಗುವ ಬದಲು ನುಗ್ಗಾಗಿ ಸಿಕ್ಕಿಕೊಳ್ಳುತ್ತದೆ.

ಈಗ ವೈದ್ಯರ ಒಪ್ಪಿಗೆಯಂತೆ ನಿತ್ಯದ ಔಷಧಕ್ಕೆ ಅಕ್ಯುಹೇಲರನ್ನೂ, ತುರ್ತಿಗೆ ಅಂಕಿಯಿರುವ ಪಂಪನ್ನೂ ಇಟ್ಟುಕೊಂಡಿದ್ದೇನೆ. ಪಂಪಿನ ಕಿಂಡಿಯಲ್ಲಿ 40 ಕಂಡ ದಿನ ಹೊಸದನ್ನು ತರಿಸುತ್ತೇನೆ, ಮಳೆಗಾಲದಲ್ಲಾದರೆ 60ಕ್ಕೇ. ಅಂಕಿ ಓದುವ ಕೆಲಸ ಪ್ರತಿ ಭಾನುವಾರ ಮೊಮ್ಮಗಳದ್ದು.